ಚಿಪ್ ಎಲ್ಲೈತ್ರೀ ಡಾಕ್ಟರ್ರ?

ಮುಧೋಳ ಸೀಮೆಯ ದನದ ಡಾಕ್ಟರಾದ ನಾನು ನಾಯಿ ಕಚ್ಚೀತೆಂದು ಎಂದೂ ಹೆದರಿದವನಲ್ಲ. ಆದರೆ ಬೇಟೆನಾಯಿಗಳ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಕೂರಿಸುವ ಕೆಲಸ ಬಂತು ನೋಡಿ, ಎದೆ ಡವಡವ ಶುರು. ಚಿಪ್ಪಿನ ನಂಬರು ಓದುವ ಮಷೀನು ಹಿಡಿದಾಗ ಅದು ಕುಂಯ್ ಅನ್ನದಿದ್ದರೆ? ವಾರಕ್ಕೊಂದು ಫಜೀತಿ ಇದ್ದದ್ದೇ.

೧. ನಾಲ್ಕು ಬೆರಳು

ಕುರಿ ಕಾಯುವ ಮನೆತನದ ಅಜ್ಜಿಯೊಬ್ಬಳು ತನ್ನ ಬಿಳಿ ನಾಯಿಯನ್ನು ತಂದಳು. ಅದರ ಹೆಗಲಲ್ಲಿ ಚಿಪ್ ಕೂರಿಸಿ, "ಯವ್ವಾ, ಇನ್ನ ನಾಯಿ ಕಳದ್ರೂ ಚಿಂತಿಲ್ಲ" ಎಂದು ಬೀಗಿದೆ.

"ಎಲ್ಲೈತಿ ಅಂತ ಇಲ್ಲೇ ಕುಂತು ಹೇಳ್ತೀರೇನ್ರಿ?"

"ಇಲ್ಲಬೇ. ಮಷೀನ ನಾಲ್ಕ ಬೆರಳ ದೂರದಾಗ ಹಿಡೀಬೇಕು."

ಅಜ್ಜಿ ನನ್ನನ್ನೇ ದಿಟ್ಟಿಸಿದಳು. "ಅಂದ್ರ ನಾಯಿ ಸಿಕ್ಕ ಮ್ಯಾಲೆ, ಸಿಕ್ಕೈತಿ ಅಂತ ಹೇಳತೈತಿ. ಅಷ್ಟ ನನ್ನ ಕಣ್ಣೂ ಹೇಳತಾವಲ್ರಿ!"

೨. ತಿರುಗಾಟ

ಬನಹಟ್ಟಿಯ ನೇಕಾರರೊಬ್ಬರಿಗೆ ತಮ್ಮ ನಾಯಿಗೆ ನಾನು ಕೂರಿಸಿದ ಚಿಪ್ ಕರಗಿಹೋದೀತೆಂಬ ಚಿಂತೆ. ನಾಯಿಯನ್ನು ಮತ್ತೆ ಕರೆತಂದರು. ಹೆಗಲ ಮೇಲೆ ಮಷೀನು ಹಿಡಿದೆ, ಸದ್ದಿಲ್ಲ. ಅವರಿಗಿಂತ ಮೊದಲು ನಾನು ಬೆವರಿದೆ. ಹುಡುಕುತ್ತ ಹುಡುಕುತ್ತ ಮುಂಗಾಲಿನ ಹತ್ತಿರ ಕುಂಯ್ ಎಂದಿತು.

"ಒಮ್ಮೊಮ್ಮೆ ಚರ್ಮದ ಒಳಗ ಜಾರತೈತ್ರಿ" ಎಂದೆ.

"ನಾಯಿ ತಿರಗಬಾರ್ದಂತ ಸರಪಳಿ ಹಾಕೇನ್ರಿ. ಇನ್ನ ಈ ಚಿಪ್ಪಿಗೆ ಏನ ಹಾಕ್ಲಿ?"

೩. ಹರಕೆ ಪಟ್ಟಿ

ಒಂದು ದಿನ ಅಜ್ಜಿಯ ನಾಯಿ ಕಳುವಾಯಿತು. ಅಜ್ಜಿಗೆ ರೊಟ್ಟಿ ಗಂಟಲಲ್ಲಿಳಿಯದು. ನಾಯಿಯಿಲ್ಲದ ಕುರಿದೊಡ್ಡಿಗೆ ತೋಳ ಬೇರೆ ಬರತೊಡಗಿತ್ತು. ಕೊನೆಗೆ ಲೋಕಾಪುರದ ಕಡೆಯ ಲಾರಿ ಮಾಲೀಕನೊಬ್ಬನ ಹತ್ತಿರ ನಾಯಿ ಇದೆಯೆಂದು ಗೊತ್ತಾಯಿತು.

ಊರ ಹಿರಿಯರು ನನ್ನನ್ನೂ ಕರೆಸಿ, ಕಟ್ಟೆಯಲ್ಲಿ ಕೂತು ತೀರ್ಮಾನಿಸಿದರು. ಚಿಪ್ ಸಿಕ್ಕರೆ ನಾಯಿ ಅಜ್ಜಿಯದು, ಇಲ್ಲದಿದ್ದರೆ ಮಾಲೀಕನದು. ನಾಯಿ ಅಜ್ಜಿಯನ್ನು ಕಂಡು ಬಾಲ ಅಲ್ಲಾಡಿಸುತ್ತಲೇ ಇತ್ತು.

"ಅದು ಎಲ್ಲಾರಿಗೂ ಅಲ್ಲಾಡಸತೈತ್ರಿ" ಎಂದ ಮಾಲೀಕ. "ಮರಿ ಇದ್ದಾಗಿಂದ ನಾನ ಸಾಕೇನಿ. ಚಿಪ್ ಅಂದ್ರ ಏನಂತ ಸುದ್ದಾ ನನಗ ಗೊತ್ತಿಲ್ಲ."

ನಾಯಿಯ ಕತ್ತಿನಿಂದ ಬೆನ್ನಿನವರೆಗೆ ದಪ್ಪ ತಗಡಿನ ಪಟ್ಟಿ ಬಿಗಿದಿತ್ತು, ಅದರ ಮೇಲೆ ದೇವರ ಭಂಡಾರದ ಅರಿಶಿನ. ತಗಡಿದ್ದರೆ ಮಷೀನು ಮೂಕ. ಬಿಚ್ಚಿ ಅಂದೆ.

"ಬೀರಪ್ಪನ ಹರಕಿ ಪಟ್ಟಿ. ಬಿಚ್ಚಂಗಿಲ್ರಿ."

ಹಿರಿಯರು ಗದರಿಸಲು ಹೊರಟರೆ ಅಡ್ಡ ಬಂದವಳು ಅಜ್ಜಿಯೇ! "ಬ್ಯಾಡ್ರಿ. ನಮ್ಮ ಮನಿದೇವರ ಹೆಸರ ಹೇಳ್ಯಾನ. ನಾಯಿ ಹೋದ್ರ ಹೋಗಲಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಿಂತಿಲ್ಲ ಎಂದು ಬೀಗಿದ್ದವನು ನಾನು. ಪಟ್ಟಿಯ ಸುತ್ತ ಮಷೀನು ಆಡಿಸಿದೆ, ಸದ್ದಿಲ್ಲ. ಆಗ ನೇಕಾರರ ನಾಯಿ ನೆನಪಾಯಿತು. ಬಲ ಮುಂಗಾಲು ನೋಡಿದೆ, ಇಲ್ಲ. ಎಡಗಾಲಿಗೆ ಹಿಡಿದೆ. ಕುಂಯ್! ನಂಬರೂ ಅಜ್ಜಿಯ ನಾಯಿಯದೇ.

ಮಾಲೀಕ ಧಡಕ್ಕನೆ ಎದ್ದುನಿಂತ. "ಇದು ಮೋಸ! ಹೆಗಲದಾಗ ಇದ್ದದ್ದು ಕಾಲಿಗೆ ಹೆಂಗ ಬಂತು?"

ಹೆಗಲಿನ ಮಾತನ್ನು ಕಟ್ಟೆಯಲ್ಲಿ ಯಾರೂ ಎತ್ತಿರಲೇ ಇಲ್ಲ. ಅಜ್ಜಿ ನಾಯಿಯನ್ನು ಅವುಚಿಕೊಂಡು ನನ್ನತ್ತ ತಿರುಗಿದಳು.

"ಡಾಕ್ಟರ್ರ, ಆ ಮಷೀನ ಒಗೀರಿ, ಈ ಮನಶ್ಯಾನ್ನ ಇಟಗೋರಿ. ನಾಲ್ಕ ಬೆರಳ ದೂರಾನೂ ಬೇಕಿಲ್ಲ, ಅಲ್ಲೇ ನಿಂತು ಹೇಳತಾನ!"