ಮಾವನ ಬಿ.ಪಿ. ಮಿಷಿನು, ಅತ್ತೆಯ ಉಪ್ಪು

ಸಿದ್ಧಕಟ್ಟೆಯ ನನ್ನ ಸೋದರಮಾವನ ಮನೆಗೆ ಹೋದರೆ ಬೆಲ್ಲ-ನೀರು ಸಿಗುವುದು ಆಮೇಲೆ. ಮೊದಲು ತೋಳು ಚಾಚಬೇಕು! ವಿಜ್ಞಾನದ ಮಾಷ್ಟ್ರಾಗಿ ನಿವೃತ್ತರಾದ ಅವರಿಗೆ ಎಂಬತ್ತರ ದಶಕದಲ್ಲಿ ಮಗ ದುಬೈಯಿಂದ ಬಿ.ಪಿ. ನೋಡುವ ಮಿಷಿನು ತಂದುಕೊಟ್ಟಿದ್ದ. ಕೊಟ್ಟವನೇ ಅದರ ಮೊದಲ ಬಲಿ. ಆಮೇಲೆ ಪೋಸ್ಟ್‌ಮ್ಯಾನ್ ಗೇಟಿನಿಂದಲೇ ಕಾಗದ ಎಸೆದು ಓಡತೊಡಗಿದ.

ಮೂಡಬಿದ್ರೆಯ ಒಂದು ಮದುವೆಗೂ ಮಿಷಿನು ಬಂತು. ಊಟಕ್ಕೆ ಮೊದಲೇ ಮಾವ ಎಲ್ಲರ ತೋಳು ಹಿಂಡಿ, ಪಂಕ್ತಿಯಲ್ಲಿ ಉಪ್ಪಿನಕಾಯಿ ಬಡಿಸುವವನ ಹಿಂದೆ ಚೀಟಿ ಹಿಡಿದು ನಡೆದರು. "ಇವರಿಗೆ ಬೇಡ, ನೂರರವತ್ತು! ಇವರಿಗೆ ಚೂರು ಹಾಕು, ಪಾಸಾಗಿದ್ದಾರೆ." ಮದುಮಗಳ ಅಪ್ಪನೇ ಫೇಲು!

ಅತ್ತೆಯದು ನೂರೆಪ್ಪತ್ತು ದಾಟಿದ ದಿನ ಉಪ್ಪಿನ ಭರಣಿ ಅಟ್ಟ ಹತ್ತಿತು. "ನಿನ್ನ ಮಾವನಿಗೆ ಮಿಷಿನಿನ ಮೇಲಿರುವ ಪ್ರೀತಿ ನನ್ನ ಮೇಲೆ ಉಂಟಾ ಮಾರಾಯ?" ಎಂದು ಅತ್ತೆ ನಗುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆಗೆ ಮೂತ್ರಪಿಂಡದ ಕಲ್ಲಿನ ನೋವು ಎದ್ದಿತು. ಬಂಟ್ವಾಳದ ಡಾಕ್ಟರಲ್ಲಿಗೆ ಒಯ್ದೆವು. ಮಿಷಿನು ಮಾವನ ತೊಡೆಯ ಮೇಲೆ. ಬಿ.ಪಿ. ಇನ್ನೂರು! ಡಾಕ್ಟರು ಇಂಜೆಕ್ಷನ್ ಕೊಟ್ಟು ಆಚೆ ಹೋದರು. ಅರ್ಧ ಗಂಟೆಯಲ್ಲಿ ನೋವು ಇಳಿಯಿತು, ಬಿ.ಪಿ. ನೂರಿಪ್ಪತ್ತಕ್ಕೆ ಬಂತು.

"ಕಂಡೆಯಾ? ನನ್ನ ಉಪ್ಪಿಲ್ಲದ ಗಂಜಿಯ ಫಲ! ಏಳು, ಮನೆಗೆ ಹೋಗುವ" ಎಂದು ಮಾವ ಅತ್ತೆಯನ್ನು ಎಬ್ಬಿಸಿಯೇಬಿಟ್ಟರು.

ಎರಡು ಹೆಜ್ಜೆ. ಅತ್ತೆಯ ಕಣ್ಣು ಮೇಲಾಯಿತು. ನಾನು ಹಿಡಿಯದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು. ಮಾವ ಕರೆದರು, ಮತ್ತೆ ಕರೆದರು. ನಾನು ಡಾಕ್ಟರನ್ನು ಕೂಗಿದೆ.

ಡಾಕ್ಟರು ಓಡಿಬಂದು ಮಲಗಿಸಿ, ಕಾಲು ಎತ್ತಿ ಹಿಡಿಯಲು ಹೇಳಿದರು. "ಗಂಜಿಯೂ ಅಲ್ಲ, ಮಣ್ಣೂ ಅಲ್ಲ ಮಾಷ್ಟ್ರೇ! ನಾನು ಕೊಟ್ಟ ಇಂಜೆಕ್ಷನ್ ಅಫೀಮಿನ ಜಾತಿಯ ಮದ್ದು. ನೋವು ಕಡಿಮೆಯಾದರೆ ಬಿ.ಪಿ. ಇಳಿಯುತ್ತದೆ. ಜೊತೆಗೆ ರಕ್ತನಾಳ ಬಿಗಿಮಾಡು ಅಂತ ನರಗಳು ಕೊಡುವ ಆಜ್ಞೆಯನ್ನೂ ಇದು ಮೆತ್ತಗೆ ಮಾಡ್ತದೆ. ಮಲಗಿದ್ದರೆ ಗೊತ್ತಾಗುವುದಿಲ್ಲ. ಎದ್ದು ನಿಂತರೆ ರಕ್ತ ಕಾಲಿಗೆ ಇಳಿದು ತಲೆ ತಿರುಗ್ತದೆ."

ಅತ್ತೆ ಕಣ್ಣು ಬಿಟ್ಟಾಗ ಅವರ ಎರಡೂ ಪಾದ ಮಾವನ ತೊಡೆಯ ಮೇಲಿದ್ದವು. ಹಬ್ಬಕ್ಕೆ ಊರೆಲ್ಲ ಯಾರ ಕಾಲಿಗೆ ಬೀಳುತ್ತದೋ ಆ ಮನುಷ್ಯ!

"ಛೇ, ಕಾಲು ಬಿಡಿ, ಯಾರಾದರೂ ನೋಡಿಯಾರು."

"ನೋಡಲಿ."

"ಮಾವ, ಇನ್ನೊಮ್ಮೆ ಬಿ.ಪಿ. ನೋಡುವುದಾ?" ಎಂದೆ.

"ಬೇಡ ಮಾರಾಯ. ಅವಳು ಮಾತಾಡ್ತಾಳಲ್ಲ, ಸಾಕು." ಮಾವ ಅಳುತ್ತಿದ್ದರು.

ಅತ್ತೆ ಸಿಕ್ಕಿದ ಅವಕಾಶ ಬಿಡಲಿಲ್ಲ. "ಮನೆಗೆ ಹೋದ ಮೇಲೆ ಗಂಜಿಗೆ ಒಂದು ಹರಳು ಉಪ್ಪು ಹಾಕ್ತೇನೆ."

"ಹಾಕು" ಎಂದರು ಮಾವ. ಪಾದ ಮಾತ್ರ ಬಿಡಲಿಲ್ಲ.