ಕಣ್ಣಿನ ಎತ್ತರದ ಸಾಮಾನು

ಅಂಗಡಿ ಇಟ್ಟವಳು ಅವಮಾನ ಹುಡುಕ್ಕೊಂಡು ಎಲ್ಲಿಗೂ ಹೋಗ್ಬೇಕಾಗಿಲ್ಲ, ಅದೇ ಬಸ್ಸಿಳಿದು ಬರ್ತದೆ. ಕಡೂರು ಬಸ್‌ಸ್ಟ್ಯಾಂಡ್ ಹತ್ರ ನಮ್ಮ ಮಾವ ಇಟ್ಟ ದಿನಸಿ ಅಂಗಡಿ ಈಗ ನಂದು. ಗಂಡ ತೀರ್ಕೊಂಡ ಮೇಲೆ ನನ್ನ ಹೊಟ್ಟೆಪಾಡು ಇದೊಂದೇ. ಎದುರುಗಡೆ ದೊಡ್ಡ ಮಾರ್ಟ್ ಬರ್ತದೆ ಅಂತ ಸುದ್ದಿಯಾದಾಗ ಜೀವ ಬಾಯಿಗೆ ಬಂತು. ತರೀಕೆರೆಯಲ್ಲಿ ಅಂಗಡಿ ನಡೆಸೋದು ಹೇಗೆ ಅಂತ ಮೂರು ದಿನ ತರಬೇತಿ ಕೊಡ್ತಾರೆ ಅಂದ್ರು. ಓಡಿದೆ. ಅಲ್ಲಿ ಕಲಿತಿದ್ದನ್ನ ಇಲ್ಲಿ ಮಾಡಿ ಏನಾಯ್ತು ಅಂತ ಕೇಳಿ.

ಕಣ್ಣಿನ ಎತ್ತರ

ತರಬೇತಿ ಮೇಷ್ಟ್ರು ಮೊದಲ ದಿನವೇ ಹೇಳಿದ್ರು: "ಲಾಭ ಜಾಸ್ತಿ ಇರೋ ಸಾಮಾನು ಗಿರಾಕಿಯ ಕಣ್ಣಿನ ಎತ್ತರಕ್ಕೆ ಇರ್ಬೇಕು. ಜನ ಕಂಡಿದ್ದನ್ನೇ ತಗೊಳ್ಳೋದು." ಮಾವನ ಕಾಲದ ಕೌಂಟರ್ ಕೀಳಿಸಿ ಸುತ್ತ ಕಬ್ಬಿಣದ ರ‍್ಯಾಕ್ ಹಾಕಿಸಿದೆ. ಬಾದಾಮಿ, ತುಪ್ಪ, ದುಬಾರಿ ಸೋಪು ಎಲ್ಲಾ ಕಣ್ಣಿನ ಎತ್ತರಕ್ಕೆ. ಫಿನಾಯಿಲು, ಇಲಿ ಪಾಷಾಣ ನೆಲದ ಹತ್ರ.

ನಮ್ಮ ಗಿರಾಕಿಗಳೆಲ್ಲ ಯಗಟಿ, ಪಂಚನಹಳ್ಳಿ ಕಡೆಯವರು. ಬಸ್ಸಿಳಿದು ಬಂದವರು ಮೊದಲು ಚೀಲ ಇಟ್ಟು ನೆಲದ ಮೇಲೆ ಕೂತ್ಕೋತಾರೆ. ನೀರು ಕುಡಿದು, ಊರಿನ ಸುದ್ದಿ ಹೇಳಿ, ಆಮೇಲೆ ವ್ಯಾಪಾರ. ಕೂತವರ ಕಣ್ಣಿನ ಎತ್ತರಕ್ಕೆ ಏನಿತ್ತು ಅಂತ ನಾನು ಬಾಯ್ಬಿಟ್ಟು ಹೇಳ್ಬೇಕಾ? ಬಾದಾಮಿ ಇಟ್ಟಲ್ಲೇ ಉಳೀತು. ಯಗಟಿ ಸುತ್ತಮುತ್ತ ಒಂದು ಇಲಿ ಉಳಿದಿರಲಿಕ್ಕಿಲ್ಲ.

ಮುಟ್ಟಿ ನೋಡಿ

ಎರಡನೇ ದಿನದ ಪಾಠ, ಗಿರಾಕಿ ತಾನೇ ಮುಟ್ಟಿ ಆರಿಸಿ ಬುಟ್ಟಿಗೆ ಹಾಕ್ಕೋಬೇಕು ಅಂತ. ಬಾಗಿಲಲ್ಲಿ ಬುಟ್ಟಿ ಜೋಡಿಸಿದೆ. ಒಬ್ಬ ಹಿರಿಯರು ಮಾತ್ರ ಎಂದಿನ ಹಾಗೆ ಹೊಸ್ತಿಲಾಚೆ ನಿಂತು ಅರ್ಧ ಕೇಜಿ ಬೇಳೆ ಕೇಳಿದ್ರು. ನನಗೋ ರೇಗಿತು.

"ಎಷ್ಟು ಸಲ ಹೇಳ್ಬೇಕು ಅಣ್ಣಾ, ಒಳಗೆ ಬಂದು ನೀವೇ ತಗೊಳ್ಳಿ."

"ನಿಮ್ಮ ಮಾವ ಇದ್ದಾಗ ಮುಟ್ಟಿದ್ರೆ ಬೈಸ್ಕೊಂತಿದ್ವಿ. ಈಗ ಮುಟ್ಟದೇ ಇದ್ರೆ ಬೈಸ್ಕೊಂತೀವಿ. ಈ ಮಾರ್ಟ್ ಬರೋ ಸುದ್ದಿ ಮೂವತ್ತು ವರ್ಷ ಮುಂಚೆನೇ ಬರ್ಬೇಕಿತ್ತು ಕಣಮ್ಮ" ಅಂದು ನಕ್ಕರು.

ನಾಚಿಕೆಯಿಂದ ಸತ್ತೆ. ಆವತ್ತು ಅವರನ್ನ ಒಳಗೆ ಕರ್ಕೊಂಡು ಬಂದು, ಬುಟ್ಟಿ ಹಿಡ್ಕೊಂಡು ಅವರ ಹಿಂದೆ ಹಿಂದೆ ನಾನೇ ಓಡಾಡಿದೆ.

ಅಂಗಿ ತೊಟ್ಟ ರಾಗಿ

ಮೂರನೇದು, ಬಾಗಿಲಲ್ಲೇ ಚೆಂದದ ಪ್ಯಾಕೆಟ್ ಜೋಡಿಸಿ ಆಸೆ ಹುಟ್ಟಿಸ್ಬೇಕು. ಬೆಂಗಳೂರಿಂದ ಬಣ್ಣದ ಪ್ಯಾಕೆಟ್ಟಿನ ರಾಗಿ ಹಿಟ್ಟು ತರಿಸಿ ಗೋಪುರ ಕಟ್ಟಿದೆ. ಪಂಚನಹಳ್ಳಿ ರೈತರೊಬ್ಬರು ಅದರ ಸುತ್ತ ಎರಡು ಸುತ್ತು ಬಂದು ಕೇಳಿದ್ರು: "ನಮ್ಮ ಹೊಲದಿಂದ ಬರಿಮೈಲಿ ಹೋಗಿತ್ತು, ಅಂಗಿ ಹಾಕ್ಕೊಂಡು ವಾಪಸ್ ಬಂದೈತೆ. ಈಗ ನಾನೇ ದುಡ್ಡು ಕೊಟ್ಟು ಮನೆಗೆ ಕರ್ಕೊಂಡು ಹೋಗ್ಬೇಕಾ?"

ಹುಳ ಬೀಳೋವರೆಗೂ ಗೋಪುರ ಅಲ್ಲಾಡ್ಲಿಲ್ಲ.

ಅಜ್ಜಿಯ ಉಪಕಾರ

ಕೊನೆಗೂ ಮಾರ್ಟ್ ಬಂತು. ನನ್ನ ಅಂಗಡೀಲಿ ಜನ ಕಡಿಮೆಯಾಗ್ಲಿಲ್ಲ, ಅದೇ ಹೊಟ್ಟೆ ಉರಿಯೋ ವಿಷಯ. ಅಲ್ಲಿ ಸಾಮಾನು ತಗೊಂಡು, ಬಸ್ ಬರೋವರೆಗೂ ಇಲ್ಲಿ ಬಂದು ಕೂರ್ತಾರೆ. ಅಲ್ಲಿ ಕೂರಕ್ಕೆ ಬಿಡಲ್ವಂತೆ.

ಯಗಟಿಯ ಒಬ್ಬ ಅಜ್ಜಿ ಮಾವನ ಕಾಲದಿಂದ ನಮ್ಮ ಗಿರಾಕಿ. ಮೊನ್ನೆ ಮಾರ್ಟಿನ ಎರಡು ಚೀಲ ನನ್ನ ಕಾಲ ಹತ್ರ ಇಟ್ಟು, "ಸ್ವಲ್ಪ ನೋಡ್ಕೊಳ್ಳವ್ವ" ಅಂದ್ರು. ನನಗೆ ತಡೆಯೋಕಾಗ್ಲಿಲ್ಲ.

"ಇದು ಯಾವ ನ್ಯಾಯ ಅಜ್ಜಿ? ಹಿಂಗಾದ್ರೆ ನಾನು ಬಾಗಿಲು ಹಾಕ್ಬೇಕಾಗ್ತದೆ. ಆಮೇಲೆ ಹೊಟ್ಟೆಗೇನು ಮಾಡ್ಲಿ?"

ಅಜ್ಜಿ ನನ್ನ ಕೈ ಹಿಡ್ಕೊಂಡ್ರು. ಕಣ್ಣಲ್ಲಿ ನೀರು ಬೇರೆ.

"ಅದೇ ಯೋಚ್ನೆ ನಂಗೂ ಬಂತು ಕಣವ್ವ. ಅಲ್ಲಿ ಎಲ್ಲಾ ಐತೆ, ನಿನ್ನಂಗೆ ಕೇಳಿ ಕೊಡೋರು ಒಬ್ರೂ ಇಲ್ಲ. ಅವ್ರ ಮ್ಯಾನೇಜರಿಗೆ ನಿನ್ ವಿಷ್ಯ ಹೇಳಿ ಬಂದೀನಿ. ನಾಳೆ ಹತ್ತು ಗಂಟೆಗೆ ಬರಕ್ಕೆ ಹೇಳವ್ನೆ. ಒಂದು ಒಳ್ಳೆ ಸೀರೆ ಉಟ್ಕೊಂಡು ಹೋಗು."