ಪಟ್ಟಿಯ ತಲೆಯಲ್ಲಿ ನಮ್ಮೂರು

ಒಂದು ಫೈಲಿಗೆ ಒಂದು ಹೆಸರಿಟ್ಟು ಸುಮ್ಮನಿರುವ ಶಕ್ತಿ ನಮ್ಮ ಜಿಲ್ಲೆಯವರಿಗಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಚಿತ್ರದುರ್ಗದ ಕಚೇರಿಯೊಂದರಲ್ಲಿ ಕೂತು ನಾನು ಕಲಿತ ವಿದ್ಯೆ ಇಷ್ಟೇ. ಊರು, ಬೆಳೆ, ಕೆರೆಗಳ ಮಾಹಿತಿಯನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಒಂದೇ ಕಡೆ ಸೇರಿಸುವ ಯೋಜನೆ. ತಾಲ್ಲೂಕಿನವರು ಬರೆದು ಹಾಕುತ್ತಿದ್ದರು, ನಾನು ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕುತ್ತಿದ್ದೆ. ಯಾರಾದರೂ ಫೈಲಿನ ಹೆಸರು ಬದಲಿಸಿದರೆ ಕೊಂಡಿ ತಪ್ಪಿ ಪುಟವೇ ತೆರೆಯುತ್ತಿರಲಿಲ್ಲ. ಬದಲಿಸುವ ಅಧಿಕಾರ ಮಾತ್ರ ಎಲ್ಲರಿಗೂ ಇತ್ತು! ನನ್ನದು ಗುತ್ತಿಗೆ ಕೆಲಸ. ಬೆಂಗಳೂರಿನ ಅಧಿಕಾರಿ ಬಂದು ನೋಡಿ ಒಪ್ಪಿದರೆ ಮುಂದುವರಿಕೆ, ಇಲ್ಲದಿದ್ದರೆ ಮನೆ.

ಹುಳುವಿಗೂ ಶ್ರೀ

ಹೊಳಲ್ಕೆರೆಯ ಆಪರೇಟರ್ ದೈವಭಕ್ತ. ಒಂದು ಸೋಮವಾರ ಬಂದು ನೋಡಿದರೆ ಅವರ ತಾಲ್ಲೂಕಿನ ಯಾವ ಪುಟವೂ ತೆರೆಯುತ್ತಿಲ್ಲ. ಎಲ್ಲ ಫೈಲಿನ ಹೆಸರಿಗೂ ಮೊದಲಲ್ಲಿ 'ಶ್ರೀ' ಸೇರಿದೆ. ತೆಂಗಿನ ಕೀಟದ ಫೈಲು 'ಶ್ರೀ ಕಪ್ಪುತಲೆ ಹುಳು' ಆಗಿದೆ.

ಫೋನ್ ಮಾಡಿ, "ಹುಳಕ್ಕೂ ಶ್ರೀ ಯಾಕ್ರೀ?" ಎಂದೆ.

"ಮೊದ್ಲು ಒಂದು ಒಳ್ಳೇ ಅಕ್ಷರ ಬೀಳ್ಲಿ ಅಂತ ಮೇಡಂ. ಬರೀ ಹುಳ ಅಂತ ಹೆಂಗ್ ಬರಿಯಾದು?"

ಆ ಹುಳುವಿಗೆ ಸಿಕ್ಕ ಮರ್ಯಾದೆ ನನಗೆ ಆ ಕಚೇರಿಯಲ್ಲಿ ಒಂದು ದಿನವೂ ಸಿಗಲಿಲ್ಲ.

ಸೊನ್ನೆಯ ಯುದ್ಧ

ಹಿರಿಯೂರಿನಲ್ಲಿ ಇಬ್ಬರು ಗುಮಾಸ್ತರು. ಒಬ್ಬರ ಊರು ಐಮಂಗಲ, ಇನ್ನೊಬ್ಬರದು ಹರಿಯಬ್ಬೆ. ಅಕ್ಷರಕ್ರಮದಲ್ಲಿ ಐಮಂಗಲ ಮೇಲೆ, ಹರಿಯಬ್ಬೆ ಕೆಳಗೆ. ಮದುವೆ ಮನೆಯಲ್ಲಿ ಮೊದಲ ವೀಳ್ಯ ಪಕ್ಕದವನಿಗೆ ಹೋದ ಹಾಗೆ ಹರಿಯಬ್ಬೆಯವರಿಗೆ ಉರಿಯಿತು. ತಮ್ಮೂರಿನ ಹೆಸರಿಗೆ ಮೊದಲು ಒಂದು ಸೊನ್ನೆ ಹಾಕಿ ಮೇಲೆ ಹತ್ತಿಸಿದರು. ಐಮಂಗಲದವರು ಎರಡು ಹಾಕಿದರು. ಕೊನೆಗೆ ಊರಿನ ಹೆಸರುಗಳು ಪರದೆಯಾಚೆ ಹೋಗಿ ಬರೀ ಸೊನ್ನೆಗಳೇ ಉಳಿದವು.

ನಾನು ಎಲ್ಲ ಸೊನ್ನೆಗಳನ್ನೂ ಅಳಿಸಿದೆ. ಇಬ್ಬರೂ ಒಂದೇ ಬಸ್ಸಿನಲ್ಲಿ ದುರ್ಗಕ್ಕೆ ಬಂದು ನನ್ನ ಮೇಲೆ ದೂರು ಕೊಟ್ಟರು. ಆ ಎರಡು ಊರು ಒಂದಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದೃಷ್ಟಿ ತಾಗದ ಫೈಲು

ಹೊಸದುರ್ಗದವರು ಕಷ್ಟಪಟ್ಟು ಕೆರೆಗಳ ಚಿತ್ರಗಳನ್ನು ಸೇರಿಸಿದ್ದರು. ನಿಜಕ್ಕೂ ಚೆಂದದ ಕೆಲಸ. ಯಾರ ಕಣ್ಣಾದರೂ ಬಿದ್ದೀತು ಎಂದು ಫೈಲಿನ ಹೆಸರನ್ನು 'ಏನೂ ಇಲ್ಲ' ಎಂದು ಬದಲಿಸಿಬಿಟ್ಟರು. ನಮ್ಮ ಕಚೇರಿಯ ಸಾಹೇಬರು ಒಂದು ಮಧ್ಯಾಹ್ನ ಉತ್ಸಾಹ ಬಂದು ಬೇಡದ್ದನ್ನೆಲ್ಲ ಅಳಿಸಲು ಕೂತರು. ಮೊದಲು ಹೋದದ್ದೇ ಅದು.

"ತೆಗೆದು ನೋಡ್ಬಾರ್ದಿತ್ತಾ ಸರ್?" ಎಂದೆ.

"ಏನೂ ಇಲ್ಲ ಅಂತ ಅವ್ರೇ ಬರ್ದವ್ರೆ. ಸುಳ್ಳು ಹೇಳ್ತಾರೇನಮ್ಮ?"

ಬೆಂಗಳೂರಿನವರು ಬಂದರು

ಕೊನೆಗೆ ಆ ಅಧಿಕಾರಿ ಬಂದೇಬಿಟ್ಟರು. ಅವತ್ತು ಅರ್ಧಕ್ಕರ್ಧ ಪುಟ ತೆರೆಯುತ್ತಿರಲಿಲ್ಲ. ನನ್ನ ಕೆಲಸ ಹೋಯಿತು ಎಂದೇ ಕೂತಿದ್ದೆ. ಅವರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ, ಎಣ್ಣೆ ಬೆರಳನ್ನು ಪರದೆಯ ಮೇಲೆ ಸವರುತ್ತ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. ಒಂದನ್ನೂ ತೆರೆಯಲಿಲ್ಲ. ಆಮೇಲೆ ಮುಖ ಗಂಟಿಕ್ಕಿ, "ನಾನೂ ಈ ಜಿಲ್ಲೆಯೋನೇ. ನಮ್ಮೂರು ಎಲ್ಲೈತ್ರೀ?" ಎಂದು ಊರಿನ ಹೆಸರು ಹೇಳಿದರು.

ಅವರ ಊರಿನ ಬಗ್ಗೆ ಯಾರೂ ಒಂದು ಸಾಲನ್ನೂ ಬರೆದಿರಲಿಲ್ಲ. ಸಾಹೇಬರ ಮುಖ ಬಿಳಿಚಿತು.

"ಲೋಡ್ ಆಗ್ತಾ ಐತೆ ಸರ್, ಚಾ ತಗಳ್ರಿ," ಎಂದೆ. ಅವರು ಲೋಟದ ಕಡೆ ತಿರುಗಿದಾಗ ಮೂರು ತಾಲ್ಲೂಕಿನ ವಿದ್ಯೆಯನ್ನೂ ಒಟ್ಟಿಗೆ ಪ್ರಯೋಗಿಸಿದೆ. ಒಂದು ಖಾಲಿ ಫೈಲು ಮಾಡಿ, ಅವರ ಊರಿನ ಹೆಸರಿಟ್ಟು, ಹೆಸರಿಗೂ ಮೊದಲು ಶ್ರೀ, ಶ್ರೀಗೂ ಮೊದಲು ಒಂದು ಸೊನ್ನೆ ಹಾಕಿದೆ. ಊರು ಪಟ್ಟಿಯ ತಲೆಯ ಮೇಲೆ ಹೋಗಿ ಕೂತಿತು.

ಅಧಿಕಾರಿಗಳ ಮುಖ ಅರಳಿತು. ಅಷ್ಟರಲ್ಲಿ ನಮ್ಮ ಸಾಹೇಬರಿಗೆ ಬುದ್ಧಿ ಎಲ್ಲಿ ಹೋಗಿತ್ತೋ, "ಅದನ್ನ ತೆಗ್ದು ತೋರ್ಸಮ್ಮ ಸರ್‌ಗೆ," ಎಂದರು.

"ಬ್ಯಾಡ ಬಿಡ್ರಿ," ಎಂದರು ಅಧಿಕಾರಿ. "ನಮ್ಮೂರು ನಂಗೆ ಗೊತ್ತಿಲ್ವಾ? ಕೆಲ್ಸ ಬಾಳ ಚೆನ್ನಾಗೈತೆ, ಮುಂದುವರ್ಸಿ."

ನನ್ನ ಗುತ್ತಿಗೆ ಮುಂದುವರಿಯಿತು. ನಾನು ಅಲ್ಲಿರುವವರೆಗೂ ಯಾರೂ ಹೆಸರು ಬದಲಿಸುವ ಧೈರ್ಯ ಮಾಡದ ಫೈಲು ಅದೊಂದೇ. ಒಳಗೆ ಒಂದಕ್ಷರವೂ ಇರಲಿಲ್ಲ.